ಆಟದ ಇಟ್ಟಿಗೆ ಕಲೆಯಾದಾಗ

ಮಕ್ಕಳ ಆಟಿಕೆಗಳಲ್ಲಿ ಬಹುಪಾಲು ವಸ್ತುಗಳು ತಯಾರಕನು ಕೊಟ್ಟ ರೂಪದಲ್ಲಿಯೇ ಮನೆಗೆ ಬಂದು, ಅದೇ ರೂಪದಲ್ಲಿ ಮುರಿದು ಮೂಲೆ ಸೇರುತ್ತವೆ. ಕೀಲಿ ಕೊಟ್ಟರೆ ಓಡುವ ಮೋಟಾರು ಗಾಡಿ ಓಡುವುದಲ್ಲದೆ ಬೇರೇನನ್ನೂ ಮಾಡಲಾರದು. ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆಯ ಸ್ವಭಾವ ಇದಕ್ಕೆ ತೀರ ಭಿನ್ನವಾದುದು. ಇಂದು ಮನೆಯಾಗಿ ನಿಂತದ್ದು ನಾಳೆ ಹಡಗಾದೀತು, ನಾಡಿದ್ದು ಆನೆಯಾದೀತು. ಈ ಒಂದು ಗುಣದ ಬಲದಿಂದಲೇ ಅದು ಮಕ್ಕಳ ಪೆಟ್ಟಿಗೆಯಿಂದ ಹೊರಬಂದು ಕಲಾಪ್ರದರ್ಶನಗಳಿಗೂ ಚಿಕಿತ್ಸಾ ಕೊಠಡಿಗಳಿಗೂ ಪ್ರವೇಶ ಪಡೆದಿದೆ. ಅಂಗಳವಿಲ್ಲದ, ಹಿತ್ತಿಲಿಲ್ಲದ ಮಹಾನಗರದ ಮನೆಗಳಲ್ಲಿ ಮಕ್ಕಳನ್ನು ಬೆಳೆಸುವ ಪಾಲಕರಿಗೆ ಈ ಕಲೆಯ ಪರಿಚಯ ಉಪಯುಕ್ತವಾದೀತು.

ಬಡಗಿಯ ಮನೆಯಿಂದ ಜಗತ್ತಿಗೆ

ಈ ಇಟ್ಟಿಗೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಡೆನ್ಮಾರ್ಕಿನ ಲೆಗೊ. ಬಿಲುಂಡ್ ಎಂಬ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಶ್ಚನ್‌ಸೆನ್ 1932ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಮರದ ಆಟಿಕೆಗಳನ್ನು ತಯಾರಿಸತೊಡಗಿದನು. ಡೇನಿಷ್ ಭಾಷೆಯಲ್ಲಿ ‘ಚೆನ್ನಾಗಿ ಆಡು’ ಎಂಬ ಅರ್ಥ ಕೊಡುವ ಎರಡು ಪದಗಳ ಮೊದಲಕ್ಷರಗಳನ್ನು ಕೂಡಿಸಿ 1934ರಲ್ಲಿ ‘ಲೆಗೊ’ ಎಂಬ ಹೆಸರನ್ನಿಟ್ಟನು. 1949ರಲ್ಲಿ ಹೊರಬಂದ ಮೊದಲ ಪ್ಲಾಸ್ಟಿಕ್ ಇಟ್ಟಿಗೆಯ ಕಲ್ಪನೆ ಅವನದೇ ಆಗಿರಲಿಲ್ಲ. ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ಎಂಬುವನು ಅದಕ್ಕೆ ಮೊದಲೇ ರೂಪಿಸಿದ್ದ ಆಟಿಕೆ ಅದಕ್ಕೆ ಮಾದರಿಯಾಯಿತು.

ಆ ಆರಂಭದ ಇಟ್ಟಿಗೆಗಳ ಹೊಟ್ಟೆ ಬರಿದಾಗಿತ್ತು. ಜೋಡಿಸಿದರೂ ಹಿಡಿತ ಸಾಲದೆ ಕಳಚಿಕೊಳ್ಳುತ್ತಿದ್ದವು. ಓಲೆಯ ಮಗ ಗಾಡ್‌ಫ್ರೆಡ್ ಇಟ್ಟಿಗೆಯ ಒಳಭಾಗದಲ್ಲಿ ಕೊಳವೆಗಳನ್ನಿಟ್ಟು, ಕೆಳಗಿನ ಇಟ್ಟಿಗೆಯ ಉಬ್ಬುಗಳು ಆ ಕೊಳವೆ ಮತ್ತು ಗೋಡೆಗಳ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುವಂತೆ ಮಾಡಿದನು. 1958ರ ಜನವರಿ 28ರಂದು ಇದರ ಪೇಟೆಂಟಿಗೆ ಅರ್ಜಿ ಸಲ್ಲಿಸಲಾಯಿತು. 1963ರಲ್ಲಿ ಹಳೆಯ ಪ್ಲಾಸ್ಟಿಕ್ಕಿನ ಬದಲು, ಆಕಾರ ಕೆಡದ ಎ.ಬಿ.ಎಸ್. ಎಂಬ ಗಟ್ಟಿ ಪ್ಲಾಸ್ಟಿಕ್ ಬಳಕೆಗೆ ಬಂತು. ಅಂದಿನಿಂದ ಇಂದಿನವರೆಗೆ ಅಳತೆ ಬದಲಾಗಿಲ್ಲ. ಅಜ್ಜನು ಬಾಲ್ಯದಲ್ಲಿ ಆಡಿದ ಇಟ್ಟಿಗೆಯ ಮೇಲೆ ಮೊಮ್ಮಗನು ಇಂದು ಕೊಂಡ ಇಟ್ಟಿಗೆ ಸರಿಯಾಗಿ ಕೂರುತ್ತದೆ. ಈ ಕಲೆಯ ಮರ್ಮವೆಲ್ಲ ಈ ಸ್ಥಿರವಾದ ಅಳತೆಯಲ್ಲಿಯೇ ಅಡಗಿದೆ. ಒಬ್ಬನು ನಿಲ್ಲಿಸಿದ ಕೆಲಸವನ್ನು ಮತ್ತೊಬ್ಬನು, ಎಷ್ಟು ದೂರದವನಾದರೂ, ಮುಂದುವರಿಸಬಹುದು.

ಇಷ್ಟು ಸರಳವಾದ ವಸ್ತುವಿನಿಂದ ಎಷ್ಟು ವೈವಿಧ್ಯ ಸಾಧ್ಯ? ಎಂಟು ಉಬ್ಬುಗಳುಳ್ಳ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು. ಇಟ್ಟಿಗೆ ಮೂರಾದರೆ 1,060 ಬಗೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಗಣಕಯಂತ್ರದ ನೆರವಿನಿಂದ ಲೆಕ್ಕ ಹಾಕಿದಾಗ, ಆರು ಇಟ್ಟಿಗೆಗಳಿಗೆ 91,51,03,765 ಬಗೆಗಳೆಂದು ತಿಳಿಯಿತು. ಮಗುವಿನ ಎರಡು ಹಿಡಿಯಲ್ಲಿ ಹಿಡಿಸುವ ಸಾಮಗ್ರಿಯಲ್ಲಿ ತೊಂಬತ್ತೊಂದು ಕೋಟಿ ಸಾಧ್ಯತೆಗಳು!

ಕಟ್ಟುವ ಕ್ರಮ

ಇಟ್ಟಿಗೆಯ ಕಲೆ ಮುಖ್ಯವಾಗಿ ಎರಡು ವಿಧ: ಚಿತ್ರ ಮತ್ತು ಶಿಲ್ಪ. ಚಿತ್ರವನ್ನು ರಚಿಸುವಾಗ ಮೊದಲು ಅದನ್ನು ಚೌಕುಳಿಗಳನ್ನಾಗಿ ವಿಭಾಗಿಸಿ, ಒಂದೊಂದು ಚೌಕಕ್ಕೆ ಒಂದೊಂದು ಬಣ್ಣದ ಸಣ್ಣ ಬಿಲ್ಲೆಯನ್ನು ಕೂರಿಸುತ್ತಾರೆ. ಎಳೆಗಳನ್ನು ಎಣಿಸಿ ಹಾಕುವ ಧಾರವಾಡದ ಕಸೂತಿಯನ್ನು ಬಲ್ಲವರಿಗೆ ಈ ಕ್ರಮ ಹೊಸತೆನಿಸದು. ಉದ್ದಕ್ಕೂ ಅಗಲಕ್ಕೂ 48 ಉಬ್ಬುಗಳಿರುವ ಒಂದು ತಳಹಲಗೆಗೆ 2,304 ಬಿಲ್ಲೆಗಳು ಬೇಕಾಗುತ್ತವೆ. ಹತ್ತಿರದಿಂದ ಚೌಕಗಳ ಗೊಂದಲವಾಗಿ ಕಾಣುವುದು ಹತ್ತು ಹೆಜ್ಜೆ ಹಿಂದೆ ಸರಿದೊಡನೆ ಮುಖವಾಗಿ ಮೂಡುತ್ತದೆ. ಬಣ್ಣಗಳನ್ನು ಬೆರೆಸುವ ಕೆಲಸವನ್ನು ನೋಡುವವರ ಕಣ್ಣೇ ಮಾಡುತ್ತದೆ.

ಶಿಲ್ಪದಲ್ಲಿ ಗಾರೆ ಕೆಲಸದ ನಿಯಮವೇ ಅನ್ವಯಿಸುತ್ತದೆ. ಕೆಳಗಿನ ಸಾಲಿನ ಸಂದಿಯ ಮೇಲೆ ಮೇಲಿನ ಸಾಲಿನ ಸಂದಿ ಬರಬಾರದು. ಬಂದರೆ ಗೋಡೆ ಅಲ್ಲಿಯೇ ಸೀಳುತ್ತದೆ. ದೊಡ್ಡ ಆಕೃತಿಗಳ ಒಳಗನ್ನು ಟೊಳ್ಳಾಗಿ ಬಿಟ್ಟು, ಅಡ್ಡಪಟ್ಟಿಗಳಿಂದ ಆಧಾರ ಕೊಡುತ್ತಾರೆ. ದುಂಡಗಿನ ಭಾಗಗಳನ್ನು ಸಾಲಿನಿಂದ ಸಾಲಿಗೆ ಒಂದೊಂದು ಉಬ್ಬು ಒಳಸರಿಸುತ್ತ ಸಾಧಿಸುತ್ತಾರೆ. ಅಳತೆಯ ಸೂಕ್ಷ್ಮವೂ ಇಲ್ಲಿ ನೆರವಾಗುತ್ತದೆ. ಎರಡು ಉಬ್ಬುಗಳ ನಡುವಣ ಅಂತರ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಚಪ್ಪಟೆ ಬಿಲ್ಲೆಯ ಎತ್ತರ 3.2 ಮಿಲಿಮೀಟರ್. ಮೂರು ಬಿಲ್ಲೆ ಸೇರಿದರೆ ಒಂದು ಇಟ್ಟಿಗೆ. ಐದು ಬಿಲ್ಲೆಗಳ ಎತ್ತರ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಉಬ್ಬುಗಳ ಅಗಲ. ಆದುದರಿಂದ ಐದು ಬಿಲ್ಲೆಗಳ ಕಟ್ಟನ್ನು ಮಗ್ಗುಲಾಗಿ ಮಲಗಿಸಿದರೂ ಅದು ಉಳಿದ ರಚನೆಯೊಡನೆ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಹೊಂದಿಕೊಳ್ಳುತ್ತದೆ. ನುರಿತವರ ಕೈಚಳಕಕ್ಕೆ ಆಧಾರ ಈ ಲೆಕ್ಕವೇ.

ಉದಾಹರಣೆಗೆ ವಿಜಾಪುರದ ಗೋಲ ಗುಮ್ಮಟವನ್ನು ತೆಗೆದುಕೊಳ್ಳಬಹುದು. ಅದರ ಮುಖ್ಯ ಕಟ್ಟಡದ ಒಂದೊಂದು ಬದಿಯೂ ಸುಮಾರು 47.5 ಮೀಟರ್. ಒಂದು ಉಬ್ಬು ಒಂದು ಮೀಟರಿಗೆ ಸಮ ಎಂದು ಭಾವಿಸಿದರೆ, 48 ಉಬ್ಬುಗಳ ಚೌಕದಲ್ಲಿ ಕಟ್ಟಡವೇಳುತ್ತದೆ. ನಾಲ್ಕು ಮೂಲೆಗಳ ಏಳಂತಸ್ತಿನ ಗೋಪುರಗಳಿಗೆ ಮಾತ್ರ ಹೊರಗೆ ಸ್ವಲ್ಪ ಜಾಗ ಬಿಡಬೇಕು. ಒಂದು ಸಾಲು ಇಟ್ಟಿಗೆ 1.2 ಮೀಟರ್ ಎತ್ತರಕ್ಕೆ ಸಮವಾಗುತ್ತದೆ. ಇಂತಹ ಒಂದು ಕೆಲಸ ಮಾಡಿದ ಮಗುವಿಗೆ ಪ್ರಮಾಣ, ಭಾಗಾಕಾರ, ವೃತ್ತದ ವ್ಯಾಸ ಇವೆಲ್ಲ ಪಾಠವೆನಿಸದೆಯೇ ಮನದಟ್ಟಾಗುತ್ತವೆ. ತಾನು ಹುಟ್ಟಿ ಬೆಳೆಯದ ತಾಯ್ನಾಡಿನ ಒಂದು ಕಟ್ಟಡವೂ ಕೈಯಳತೆಗೆ ಬರುತ್ತದೆ.

ಹಂಚಿಕೊಂಡ ಕಲೆ

ನ್ಯೂಯಾರ್ಕಿನಲ್ಲಿ ವಕೀಲಿ ಮಾಡುತ್ತಿದ್ದ ನೇಥನ್ ಸವಾಯಾ 2004ರಲ್ಲಿ ವೃತ್ತಿಯನ್ನು ತ್ಯಜಿಸಿ ಇಟ್ಟಿಗೆ ಶಿಲ್ಪಕ್ಕೆ ತೊಡಗಿದನು. 2007ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆರಂಭವಾದ ಅವನ ಪ್ರದರ್ಶನ ಬಳಿಕ ಅನೇಕ ದೇಶಗಳನ್ನು ಸುತ್ತಿತು. ತನ್ನ ಎದೆಯನ್ನು ತಾನೇ ಬಗೆದು ತೆರೆಯುತ್ತಿರುವ ಹಳದಿ ಮನುಷ್ಯ, ಒಳಗಿನಿಂದ ಸುರಿಯುವ ಬಿಡಿ ಇಟ್ಟಿಗೆಗಳು: ಇದು ಅವನ ಅತ್ಯಂತ ಪ್ರಸಿದ್ಧ ಕೃತಿ. 80,020 ಇಟ್ಟಿಗೆಗಳಿಂದ ಅವನು ಡೈನೊಸಾರಿನ ಅಸ್ಥಿಪಂಜರವನ್ನೂ ನಿಲ್ಲಿಸಿದ್ದಾನೆ.

ಚೀನಾದ ಕಲಾವಿದ ಐ ವೇವೇ ಇದೇ ಆಟಿಕೆಯಲ್ಲಿ ಗಂಭೀರವಾದ ಮಾತನ್ನಾಡಿದನು. ಅಮೆರಿಕದ ಹಳೆಯ ಸೆರೆಮನೆಯಾದ ಅಲ್ಕಟ್ರಾಜ್ ದ್ವೀಪದಲ್ಲಿ 2014ರಲ್ಲಿ ಅವನು ತಮ್ಮ ನಂಬಿಕೆಗಾಗಿ ಸೆರೆಯನ್ನೋ ಗಡೀಪಾರನ್ನೋ ಅನುಭವಿಸಿದ 176 ಮಂದಿಯ ಮುಖಗಳನ್ನು ಇಟ್ಟಿಗೆಗಳಿಂದ ನೆಲದ ಮೇಲೆ ಹಾಸಿದನು. ಮರುವರ್ಷ ಮೆಲ್ಬರ್ನ್ ಪ್ರದರ್ಶನಕ್ಕೆ ದೊಡ್ಡ ಪ್ರಮಾಣದಲ್ಲಿ ಇಟ್ಟಿಗೆ ಬೇಕೆಂದಾಗ, ರಾಜಕೀಯ ಕೃತಿಗಳಿಗೆ ಮಾರುವುದಿಲ್ಲವೆಂದು ಲೆಗೊ ಸಂಸ್ಥೆ ನಿರಾಕರಿಸಿತು. ಸುದ್ದಿ ತಿಳಿದ ಸಾಮಾನ್ಯ ಜನರು ಹಲವು ನಗರಗಳಲ್ಲಿ ಇದಕ್ಕೆಂದೇ ನಿಲ್ಲಿಸಿದ ಮೋಟಾರು ಕಾರುಗಳ ಛಾವಣಿಯ ಕಿಂಡಿಯಿಂದ ತಮ್ಮ ಮನೆಯ ಇಟ್ಟಿಗೆಗಳನ್ನು ಸುರಿದರು. 2016ರ ಜನವರಿಯಲ್ಲಿ, ಸಗಟು ಖರೀದಿಯ ಉದ್ದೇಶವನ್ನು ಕೇಳುವ ಪದ್ಧತಿಯನ್ನು ಸಂಸ್ಥೆ ಕೈಬಿಟ್ಟಿತು.

ನೋಡುವವರನ್ನೇ ಕಟ್ಟುವವರನ್ನಾಗಿ ಮಾಡಿದ ಕಲಾವಿದರೂ ಇದ್ದಾರೆ. ಓಲಾಫುರ್ ಎಲಿಯಾಸನ್ 2005ರಲ್ಲಿ ಆಲ್ಬೇನಿಯಾದ ರಾಜಧಾನಿ ತಿರಾನಾದಲ್ಲಿ ಬಿಳಿಯ ಇಟ್ಟಿಗೆಗಳನ್ನು ಬಯಲಿನಲ್ಲಿ ರಾಶಿ ಹಾಕಿಸಿ, ದಾರಿಹೋಕರು ತಮಗೆ ಬೇಕಾದ ನಗರವನ್ನು ಕಟ್ಟುವಂತೆ ಆಹ್ವಾನಿಸಿದನು. ಒಬ್ಬರು ಕಟ್ಟಿದ್ದನ್ನು ಮತ್ತೊಬ್ಬರು ಬೆಳೆಸುವರು, ಮಗುದೊಬ್ಬರು ಬದಲಿಸುವರು. ಜರ್ಮನಿಯ ಯಾನ್ ಫೋರ್ಮನ್ 2007ರಲ್ಲಿ ಇಟಲಿಯ ಒಂದು ಹಳ್ಳಿಯಲ್ಲಿ ಕುಸಿದ ಕಲ್ಲುಗೋಡೆಗಳ ಬಿರುಕುಗಳಿಗೆ ಬಣ್ಣದ ಇಟ್ಟಿಗೆಗಳ ತೇಪೆ ಹಾಕಿದನು. ಆ ತೇಪೆಯ ಕೆಲಸ ಮುಂದೆ ಬೇರೆ ಬೇರೆ ದೇಶಗಳಿಗೆ ಹಬ್ಬಿತು.

ಮೈಗೆ, ಮನಸ್ಸಿಗೆ

ಸಣ್ಣ ತುಣುಕನ್ನು ಆರಿಸಿ, ತಿರುಗಿಸಿ, ಒತ್ತಿ ಕೂರಿಸುವ ಕೆಲಸದಲ್ಲಿ ಕಣ್ಣು ಮತ್ತು ಬೆರಳುಗಳು ಒಂದಾಗಿ ದುಡಿಯಬೇಕು. ನೀಳವಾದ ಏಕಾಗ್ರತೆ, ತಪ್ಪಿದ್ದನ್ನು ಬಿಚ್ಚಿ ಮತ್ತೆ ಕಟ್ಟುವ ಸಹನೆ ಇವೂ ಅದರೊಡನೆಯೇ ಬೆಳೆಯುತ್ತವೆ.

ಆಟಿಸಂ ಎಂದು ಕರೆಯುವ ಸ್ವಲೀನತೆಯುಳ್ಳ ಮಕ್ಕಳಿಗೆ ಇತರರೊಡನೆ ಬೆರೆಯುವುದು ಕಷ್ಟ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಲೆಗಾಫ್ ಇಂತಹ ಮಕ್ಕಳಿಗಾಗಿ ರೂಪಿಸಿದ ಒಂದು ವಿಧಾನವನ್ನು 2004ರಲ್ಲಿ ಪ್ರಕಟಿಸಿದನು. ಮೂವರು ಮಕ್ಕಳಲ್ಲಿ ಒಬ್ಬನು ಇಂಜಿನಿಯರ್: ನಕ್ಷೆ ಅವನ ಬಳಿ ಮಾತ್ರ ಇರುತ್ತದೆ. ಇನ್ನೊಬ್ಬನು ಬೇಕಾದ ತುಣುಕುಗಳನ್ನು ಹುಡುಕಿ ಕೊಡುವವನು. ಮೂರನೆಯವನು ಜೋಡಿಸುವವನು. ಪರಸ್ಪರ ಮಾತನಾಡದೆ, ಕೇಳದೆ, ಸರದಿ ಕಾಯದೆ ಒಂದು ಇಟ್ಟಿಗೆಯೂ ಏಳದು. ಸ್ವಲ್ಪ ಹೊತ್ತಿನ ನಂತರ ಪಾತ್ರಗಳು ಅದಲುಬದಲಾಗುತ್ತವೆ. ಈ ಮಕ್ಕಳು ತಾವಾಗಿ ಇತರರನ್ನು ಮಾತನಾಡಿಸುವುದು ಹೆಚ್ಚಿತೆಂದು ಅವನು ಕಂಡುಕೊಂಡನು. 2008ರಲ್ಲಿ ಪ್ರಕಟವಾದ ಕೇಂಬ್ರಿಜ್ ಅಧ್ಯಯನವೂ ಪ್ರಯೋಜನವನ್ನು ಗುರುತಿಸಿತು. ಆನಂತರ ಇಂಗ್ಲೆಂಡಿನ ಶಾಲೆಗಳಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ಕಂಡ ಸುಧಾರಣೆ ಅಲ್ಪವಾದುದಾಗಿತ್ತು. ಆದಕಾರಣ ಇದನ್ನು ಔಷಧವೆಂದಾಗಲಿ, ತಜ್ಞರ ಸಲಹೆಗೆ ಬದಲಿಯೆಂದಾಗಲಿ ತಿಳಿಯದೆ, ಒಂದು ಸಹಾಯಕ ಸಾಧನವೆಂದು ಭಾವಿಸುವುದೇ ಸೂಕ್ತ.

ದೃಷ್ಟಿಹೀನ ಮಕ್ಕಳಿಗಾಗಿ ಇಟ್ಟಿಗೆಯ ಉಬ್ಬುಗಳನ್ನೇ ಬ್ರೈಲ್ ಚುಕ್ಕಿಗಳಂತೆ ಅಳವಡಿಸುವ ಕಲ್ಪನೆ ಬ್ರೆಜಿಲಿನ ಅಂಧರ ಸೇವಾಸಂಸ್ಥೆಯೊಂದರಲ್ಲಿ ಮೂಡಿತು. 2020ರಿಂದ ಲೆಗೊ ಅವುಗಳನ್ನು ವಿತರಿಸತೊಡಗಿತು. ಅಕ್ಷರವನ್ನು ಮುದ್ರಿಸಿಯೂ ಇರುವುದರಿಂದ ದೃಷ್ಟಿಯುಳ್ಳ ಅಕ್ಕನೂ ದೃಷ್ಟಿಯಿಲ್ಲದ ತಮ್ಮನೂ ಒಂದೇ ಪೆಟ್ಟಿಗೆಯಿಂದ ಆಡಬಹುದು.

ವಯಸ್ಸಾದವರಿಗೂ ಈ ಆಟ ನಿಷಿದ್ಧವಲ್ಲ. ಬೆರಳಿನ ಕೀಲುಗಳಲ್ಲಿ ನೋವಿರುವವರು ಸಣ್ಣ ತುಣುಕುಗಳ ಬದಲು, 1969ರಲ್ಲಿ ಹೊರಬಂದ ಡ್ಯೂಪ್ಲೊ ಎಂಬ ದೊಡ್ಡ ಇಟ್ಟಿಗೆಗಳನ್ನು ಬಳಸಬಹುದು. ಇವು ಉದ್ದ, ಅಗಲ, ಎತ್ತರ ಮೂರರಲ್ಲಿಯೂ ಇಮ್ಮಡಿಯಾಗಿದ್ದು, ಸಣ್ಣ ಇಟ್ಟಿಗೆಗಳೊಡನೆಯೂ ಕೂಡಿಕೊಳ್ಳುತ್ತವೆ. ಅಜ್ಜಿ ದೊಡ್ಡದನ್ನೂ ಮೊಮ್ಮಗಳು ಚಿಕ್ಕದನ್ನೂ ಹಿಡಿದು ಒಂದೇ ಮನೆ ಕಟ್ಟಲು ಅಡ್ಡಿಯಿಲ್ಲ.

ಎಚ್ಚರಿಕೆಯ ಮಾತು

ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಣ್ಣ ತುಣುಕುಗಳು ಸಿಕ್ಕಬಾರದು. ಮನೆಯಲ್ಲಿ ಹಿರಿಯ ಮಗುವೊಂದು, ಅಂಬೆಗಾಲಿಡುವ ಮಗುವೊಂದು ಇದ್ದರೆ ಆಟ ಮುಗಿದೊಡನೆ ನೆಲವನ್ನು ಪರೀಕ್ಷಿಸಬೇಕು. ಆರು ಮಂದಿ ಮಕ್ಕಳ ವೈದ್ಯರು ಲೆಗೊ ಬೊಂಬೆಯ ತಲೆಯನ್ನು ತಾವೇ ನುಂಗಿ ನಡೆಸಿದ, 2018ರಲ್ಲಿ ಪ್ರಕಟವಾದ ವಿನೋದಮಯ ಪ್ರಯೋಗದಲ್ಲಿ ಅದು ಸರಾಸರಿ 1.71 ದಿನಗಳಲ್ಲಿ ಹೊರಬಂದಿತು. ಆದರೆ ಇದು ಹೊಟ್ಟೆಗೆ ಇಳಿದ ತುಣುಕಿನ ಮಾತು. ಶ್ವಾಸನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಾಪಾಯ.

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಉಸಿರು ಕಟ್ಟಿ ದನಿ ಹೊರಡದಿದ್ದರೆ, ಒಂದು ವರ್ಷ ದಾಟಿದ ಮಗುವನ್ನು ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲ್ಭಾಗದ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ತಟ್ಟಬೇಕು. ಫಲಿಸದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ತುಸು ಮೇಲೆ ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಬೇಕು. ವರ್ಷದೊಳಗಿನ ಕೂಸಿನ ಹೊಟ್ಟೆಯನ್ನು ಒತ್ತಕೂಡದು; ಬೆನ್ನು ತಟ್ಟಿದ ಬಳಿಕ ಎದೆಯ ಮೂಳೆಯನ್ನು ಮಾತ್ರ ಒತ್ತಬೇಕು. ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಬಾರದು. ಈ ನಡುವೆ ಬೇರೊಬ್ಬರು 112ಕ್ಕೆ ಕರೆ ಮಾಡಬೇಕು. ಮೂಗಿಗೋ ಕಿವಿಗೋ ತುರುಕಿಕೊಂಡ ತುಣುಕನ್ನು ಹೇರ್‌ಪಿನ್ನಿನಿಂದ ಕೆದಕದೆ ವೈದ್ಯರಲ್ಲಿಗೆ ಒಯ್ಯಬೇಕು. ಅಯಸ್ಕಾಂತವುಳ್ಳ ಜೋಡಣೆಯ ಆಟಿಕೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ನುಂಗಿದ ಎರಡು ಅಯಸ್ಕಾಂತಗಳು ಕರುಳಿನ ಮಡಿಕೆಗಳ ಆಚೀಚೆ ಒಂದನ್ನೊಂದು ಸೆಳೆದು ಕರುಳನ್ನೇ ತೂತು ಮಾಡಬಲ್ಲವು. ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಇಟ್ಟಿಗೆಗಳನ್ನು 40 ಡಿಗ್ರಿ ಸೆಲ್ಸಿಯಸ್ ಮೀರದ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಕೈಯಿಂದ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಕುದಿನೀರು ತಗಲಿದರೆ ಆಕಾರ ಕೆಡುತ್ತದೆ.

ಸಂಘಗಳಿಗೆ ಒಂದು ಅವಕಾಶ

ಈ ಇಟ್ಟಿಗೆಗಳು ಅಗ್ಗದ ವಸ್ತುಗಳಲ್ಲ. ಪ್ರತಿಯೊಂದು ಮನೆಯೂ ದೊಡ್ಡ ಪೆಟ್ಟಿಗೆಯನ್ನು ಕೊಳ್ಳಬೇಕಾಗಿಯೂ ಇಲ್ಲ. ಬೆಳೆದ ಮಕ್ಕಳು ಬಿಟ್ಟ ಇಟ್ಟಿಗೆಗಳು ಹಲವು ಮನೆಗಳ ಅಟ್ಟದಲ್ಲಿರುತ್ತವೆ. ಅಳತೆ ಒಂದೇ ಆಗಿರುವುದರಿಂದ ನಾಲ್ಕು ಮನೆಗಳ ಇಟ್ಟಿಗೆಗಳು ಒಂದೇ ಗೋಡೆಯಾಗಬಲ್ಲವು. ಕನ್ನಡ ಸಂಘವು ಇಂತಹವನ್ನು ಒಂದೆಡೆ ಕೂಡಿಸಿ, ಭಾನುವಾರಗಳಂದು ಮಕ್ಕಳನ್ನೂ ಹಿರಿಯರನ್ನೂ ಒಟ್ಟಿಗೆ ಕೂರಿಸಿ ಗೋಲ ಗುಮ್ಮಟವನ್ನೋ ಹಂಪೆಯ ಕಲ್ಲಿನ ರಥವನ್ನೋ ಕಟ್ಟಿಸಬಹುದು. ನಕ್ಷೆ ಓದುವವರು, ತುಣುಕು ಹುಡುಕುವವರು, ಜೋಡಿಸುವವರು ತಮ್ಮತಮ್ಮೊಳಗೆ ಕನ್ನಡದಲ್ಲಿಯೇ ಮಾತನಾಡುವಂತಾದರೆ ಭಾಷೆಯೂ ಬಾಯಿಗೆ ಹತ್ತುತ್ತದೆ. ನವರಾತ್ರಿಯಲ್ಲಿ ಬೊಂಬೆ ಕೂರಿಸಿ ನೆರೆಹೊರೆಯವರನ್ನು ಆರತಿಗೆ ಕರೆಯುವ ಮನೆಗಳಲ್ಲಿ ಮೆಟ್ಟಿಲ ಪಕ್ಕದ ಜಾಗವೇ ಅದರ ಪ್ರದರ್ಶನಕ್ಕೆ ಸಾಕು.

ಹಬ್ಬ ಮುಗಿದ ಮೇಲೆ ರಥವನ್ನು ಬಿಚ್ಚಬೇಕಾಗುತ್ತದೆ. ಅದರಲ್ಲಿ ನಷ್ಟವೇನೂ ಇಲ್ಲ. ಇಟ್ಟಿಗೆಗಳು ಪೆಟ್ಟಿಗೆಗೆ ಮರಳುತ್ತವೆ. ಕಟ್ಟಲು ಕಲಿತ ಕೈಗಳೂ, ಕಟ್ಟುವಾಗ ಬೆಳೆದ ಒಡನಾಟವೂ ಉಳಿಯುತ್ತವೆ. ಪರವೂರಿನಲ್ಲಿ ನೆಲೆಸಿದವರಿಗೆ ಇಂತಹ ಒಡನಾಟಕ್ಕಿಂತ ಹೆಚ್ಚಿನ ಆರೋಗ್ಯಭಾಗ್ಯ ಬೇರೊಂದಿರಲಾರದು.