ಎಳೆಗೂಸಿನ ನಂಜು

ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ತಾಯಂದಿರಾಗಿರುವರು; ಕೆಲವರು ಮಗಳ ಬಾಣಂತಿತನ ಮಾಡುವ ವಯಸ್ಸಿಗೂ ಬಂದಿರುವರು. ಮಲೇರಿಯಾ, ಕ್ಷಯ, ವಾಂತಿಭೇದಿಗಳ ವಿಷಯವನ್ನು ಅವರೆಲ್ಲರೂ ಆರೋಗ್ಯದ ಪಾಠದಲ್ಲಿ ಓದಿ ಬರೆದವರೇ. ಆದರೆ ಹುಟ್ಟಿದ ಮೊದಲನೆಯ ತಿಂಗಳಿನಲ್ಲಿಯೇ ಕೂಸನ್ನು ತೊಟ್ಟಿಲಿನಿಂದ ಒಯ್ಯುವ ವ್ಯಾಧಿಯೊಂದರ ವಿಷಯವು ಶಾಲೆಯ ಪುಸ್ತಕಗಳಲ್ಲಿ ಅಷ್ಟಾಗಿ ಬರುವದಿಲ್ಲ. ವೈದ್ಯರು ಇದನ್ನು ಸೆಪ್ಸಿಸ್ ಎನ್ನುವರು; ನಮ್ಮ ಮಾತಿನಲ್ಲಿ ಇದು ರಕ್ತಕ್ಕೆ ಏರಿದ ನಂಜು. ಗೊಬ್ಬೂರ ಮತ್ತು ಅಫಜಲಪುರ, ಆಳಂದ, ಜೇವರ್ಗಿ ಕಡೆಯ ಮನೆಗಳಲ್ಲಿ ಇದನ್ನು ಗುರುತಿಸುವ ಭಾರವು ಹೆಚ್ಚಾಗಿ ಹೆಂಗಸರ ಮೇಲೆಯೇ ಬೀಳುವದರಿಂದ, ಈ ಸ್ಮರಣ ಸಂಚಿಕೆಯಲ್ಲಿ ಅದರ ವಿಷಯವಾಗಿ ನಾಲ್ಕು ಮಾತು ಬರೆಯುವದು ಉಚಿತವೆಂದು ನಾವು ಎಣಿಸಿದೆವು.

ನಂಜು ಎಂದರೇನು? ದೊಡ್ಡವರ ಕೈಗೆ ಮುಳ್ಳು ನೆಟ್ಟು ಕೀವಾದರೆ ರೋಗಜಂತುಗಳು ಸಾಮಾನ್ಯವಾಗಿ ಆ ಒಂದು ಸ್ಥಳದಲ್ಲಿಯೇ ಉಳಿಯುವವು. ಶರೀರವು ಅವುಗಳನ್ನು ಅಲ್ಲಿಯೇ ತಡೆಯುವದು. ಎಳೆಗೂಸಿನಲ್ಲಿ ಈ ತಡೆಯು ಬಲವಾಗಿರುವದಿಲ್ಲ. ಜಂತುಗಳು ರಕ್ತವನ್ನು ಸೇರಿ ಮೈಯೆಲ್ಲ ಹರಡುವವು. ಅವುಗಳೊಡನೆ ಶರೀರವು ಹೂಡುವ ಹೋರಾಟವೂ ಹದ ತಪ್ಪಿ, ಇಲಿಯ ಕಾಟಕ್ಕೆ ಮನೆಗೆ ಬೆಂಕಿಯಿಟ್ಟರೆಂಬಂತೆ, ತನ್ನ ಅಂಗಗಳನ್ನೇ ಕೆಡಿಸತೊಡಗುವದು. ಶ್ವಾಸಕೋಶ, ಹೃದಯ, ಮೂತ್ರಪಿಂಡ, ಮಿದುಳುಗಳು ಸೋಲುತ್ತ ಬರುವವು. ಇದಕ್ಕೆ ವಾರಗಳು ಬೇಕಿಲ್ಲ. ಮುಂಜಾನೆ ಮೊಲೆಯುಂಡ ಕೂಸು ಸಂಜೆಯೊಳಗೆ ಪ್ರಾಣಸಂಕಟಕ್ಕೆ ಬರಬಹುದು.

ಎಳೆಗೂಸಿನ ದುರ್ಬಲತೆಗೆ ಕಾರಣಗಳಿವೆ. ರೋಗವನ್ನು ಎದುರಿಸುವ ಶಕ್ತಿಯು ತಾಯಿಯ ರಕ್ತದಿಂದ ಗರ್ಭದ ಶಿಶುವಿಗೆ ಹೆಚ್ಚಾಗಿ ಕೊನೆಯ ವಾರಗಳಲ್ಲಿ ಇಳಿದು ಬರುವದು. ಆದ್ದರಿಂದ ದಿನ ತುಂಬದೆ ಹುಟ್ಟಿದ ಕೂಸಿಗೆ ಆ ಬುತ್ತಿಯು ಅರ್ಧಮರ್ಧವಾಗಿಯೇ ದೊರೆತಿರುವದು. ಅದರ ಚರ್ಮವು ಬಹಳ ತೆಳು. ಹೊಕ್ಕಳಂತೂ ಬಳ್ಳಿ ಉದುರಿ ಒಣಗುವ ತನಕ ಒಂದು ತೆರೆದ ಗಾಯವೇ ಸರಿ.

ಜಂತುಗಳು ಬರುವ ದಾರಿಗಳು ಎರಡು. ಮೊದಲ ಮೂರು ದಿನಗಳಲ್ಲಿ ತೋರುವ ನಂಜು ಬಹುಮಟ್ಟಿಗೆ ಹೆರಿಗೆಯ ಕಾಲದಲ್ಲಿ ತಾಯಿಯಿಂದ ತಗಲಿದ್ದು. ನೀರು ಒಡೆದು 18 ತಾಸು ಮೀರಿದರೂ ಹೆರಿಗೆಯಾಗದಿದ್ದರೆ, ಆ ನೀರಿಗೆ ದುರ್ವಾಸನೆ ಇದ್ದರೆ, ಹೆರುವಾಗ ತಾಯಿಗೆ ಜ್ವರ ಬಂದಿದ್ದರೆ ಇದರ ಭಯ ಹೆಚ್ಚು. ಇವುಗಳನ್ನು ವೈದ್ಯರಿಗೆ ಮರೆಯದೆ ಹೇಳತಕ್ಕದ್ದು. ಅನಂತರ ತೋರುವ ನಂಜು ಹೆಚ್ಚಾಗಿ ಸುತ್ತಲಿನಿಂದ ಬಂದದ್ದು: ತೊಳೆಯದ ಕೈ, ಕೊಳೆಯಾದ ಬಟ್ಟೆ, ಹೊಕ್ಕಳಿಗೆ ಹಚ್ಚಿದ ಬೂದಿ ಅಥವಾ ಸಗಣಿ, ಬಾಯಿಗೆ ಹಾಕಿದ ಜೇನು ಅಥವಾ ಬಾಟಲಿಯ ಹಾಲು. ಆಸ್ಪತ್ರೆಯೊಳಗೂ ಅಶುದ್ಧವಾದ ಕೈಗಳಿಂದ ಇದು ಹಬ್ಬಬಹುದು.

ಇನ್ನು ಈ ಲೇಖನದ ಮುಖ್ಯವಾದ ಮಾತಿಗೆ ಬರುವೆವು. ದೊಡ್ಡವರ ರೋಗವು ಕೂಗಿ ಹೇಳುವದು. ಎಳೆಗೂಸಿನ ನಂಜು ಸುಮ್ಮನಿರುವದು. ಅನೇಕ ವೇಳೆ ಜ್ವರವೂ ಬರುವದಿಲ್ಲ, ಬದಲಾಗಿ ಮೈ ತಣ್ಣಗಾಗುವದು. ಕೂಸು ಅಳುವದನ್ನು ಬಿಟ್ಟು ಮಲಗಿಯೇ ಇರುವದು. "ಕೂಸು ಬಾಳ ಶಾಣ್ಯಾ ಅದ, ಅಳೂದೇ ಇಲ್ಲ" ಎಂದು ಮನೆಯವರು ಹೊಗಳುವ ಆ ಮೌನವು ಕೆಲವು ವೇಳೆ ಅದರ ನರಳಾಟವೇ ಆಗಿರುವದು. ನಿದ್ದೆಯ ಕೂಸನ್ನು ಎಬ್ಬಿಸಿದರೆ ಮೊಲೆಗೆ ಬಾಯಿ ಹಾಕಿ ಚೀಪುವದು. ನಂಜಿನ ಕೂಸು ಎಬ್ಬಿಸಿದರೂ ಚೀಪದು. ಈ ಭೇದವನ್ನು ಪ್ರತಿಯೊಬ್ಬ ತಾಯಿಯೂ ಅರಿತಿರಬೇಕು.

ಗುರುತುಗಳು ಇವು. ಮೊದಲು ಚೆನ್ನಾಗಿ ಉಣ್ಣುತ್ತಿದ್ದ ಕೂಸು ಮೊಲೆ ಬಿಡುವದು ಇಲ್ಲವೆ ಬಹಳ ಕಡಿಮೆ ಉಣ್ಣುವದು. ಮುಟ್ಟಿ ಅಲುಗಿಸಿದ ಹೊರತು ಕೈಕಾಲು ಆಡಿಸದಿರುವದು. ಸೆಳವು ಬಂದು ಮೈ ಸೆಟೆಯುವದು. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಎದೆಯು ಆಳವಾಗಿ ಗುಳಿ ಬೀಳುವದು. ಉಸಿರು ತೀವ್ರವಾಗುವದು: ಕೂಸು ಶಾಂತವಾಗಿರುವಾಗ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಬೇಕು, 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಬೇಕು, ಆಗಲೂ ಅಷ್ಟೇ ಇದ್ದರೆ ಅದು ಅಪಾಯ. ಕಂಕುಳಲ್ಲಿಟ್ಟ ಥರ್ಮಾಮೀಟರು 37.5 ಡಿಗ್ರಿ ಸೆಲ್ಸಿಯಸ್‌ಗೆ ಏರುವದು ಅಥವಾ 35.5ಕ್ಕಿಂತ ಕೆಳಗೆ ಇಳಿಯುವದು. ಹೊಕ್ಕಳ ಸುತ್ತ ಕೆಂಪಾಗಿ ಕೀವು ಸೋರುವದು. ಅಂಗೈ ಅಂಗಾಲುಗಳ ತನಕ ಹಳದಿ ಹರಡುವದು. ಇವುಗಳಲ್ಲಿ ಒಂದೇ ಕಂಡರೂ ಸಾಕು. ಎರಡನೆಯದರ ದಾರಿ ಕಾಯಲಾಗದು.

ಆದರೂ ಮನೆಗಳಲ್ಲಿ ದಾರಿ ಕಾಯುವರು. ನಮ್ಮ ಕಡೆ ಚೊಚ್ಚಲ ಹೆರಿಗೆಯು ತವರಿನಲ್ಲಿ ಆಗುವದು ವಾಡಿಕೆ. ಕೂಸು ಮಂಕಾದರೆ, ಬೀಗರು ಏನೆಂದಾರೋ, ಅಳಿಯಂದಿರು ಬಂದ ಮೇಲೆ ನೋಡೋಣವೆಂದು ತವರಿನವರು ಹಿಂಜರಿಯುವರು. ಬಾಣಂತಿಯು ಹೊಸಲು ದಾಟಬಾರದೆಂದು ಹಿರಿಯರು ತಡೆಯುವರು. ದೃಷ್ಟಿ ತೆಗೆಯುವರು, ತಾಯಿತ ಕಟ್ಟಿಸುವರು. ಐದನೆಯ ಅಥವಾ ಆರನೆಯ ರಾತ್ರಿ ಸಟವಿ ತಾಯಿಯು ಹಣೆಬರಹ ಬರೆಯುವಳೆಂದು ನಂಬಿದ ನಮ್ಮ ಅಜ್ಜಿಯರು ಮೊದಲ ವಾರದ ಭಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆಗ ಅವರ ಕೈಯಲ್ಲಿ ಬೇರೆ ಉಪಾಯವಿರಲಿಲ್ಲ. ಈಗ ಉಪಾಯವಿದೆ. ಹಿರಿಯರ ಮನಸ್ಸನ್ನು ನೋಯಿಸಬೇಕೆಂದು ನಾವು ಹೇಳುವದಿಲ್ಲ. ದೃಷ್ಟಿ ತೆಗೆಯುವದಾದರೆ ಗಾಡಿ ಬರುವದರೊಳಗೆ ತೆಗೆಯಲಿ. ಅದಕ್ಕಾಗಿ ಗಾಡಿಯು ನಿಲ್ಲದಿರಲಿ.

ಉಪಾಯದ ಬಲವೆಷ್ಟೆಂಬದಕ್ಕೆ ನೆರೆಯ ಮಹಾರಾಷ್ಟ್ರದ ದೃಷ್ಟಾಂತವುಂಟು. ಗಡಚಿರೋಲಿ ಜಿಲ್ಲೆಯ 39 ಹಳ್ಳಿಗಳಲ್ಲಿ ಡಾಕ್ಟರ್ ಅಭಯ ಬಂಗ ಮತ್ತು ಡಾಕ್ಟರ್ ರಾಣಿ ಬಂಗ ದಂಪತಿಗಳು ಹಳ್ಳಿಯ ಹೆಂಗಸರಿಗೇ ಕೂಸಿನ ನಂಜನ್ನು ಗುರುತಿಸಿ ಔಷಧ ಕೊಡುವದನ್ನು ಕಲಿಸಿದರು. ಅದಕ್ಕೆ ಮುಂಚೆ ನಂಜು ತಗಲಿದ 100 ಕೂಸುಗಳಲ್ಲಿ ಸುಮಾರು 17 ಸಾಯುತ್ತಿದ್ದವು. ಚಿಕಿತ್ಸೆ ದೊರೆತ ಮೇಲೆ ಸುಮಾರು 3. ಈ ಸಂಗತಿಯು 1999ರಲ್ಲಿ ಪ್ರಕಟವಾಯಿತು. ಮುಂದೆ 2011ರಿಂದ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಕೂಸನ್ನು ನೋಡುವ ಏರ್ಪಾಡು ದೇಶದಲ್ಲಿ ಆರಂಭವಾಯಿತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಈ ಭೇಟಿಗಳು ಸಲ್ಲತಕ್ಕವು; ಮನೆಯಲ್ಲಿ ಹುಟ್ಟಿದ್ದಾದರೆ ಮೊದಲನೆಯ ದಿನವೂ. ಆಕೆಯನ್ನು ಹೊಸಲಲ್ಲಿ ನಿಲ್ಲಿಸಿ ಕಳಿಸದೆ ಒಳಗೆ ಕರೆದು ಕೂಸನ್ನು ತೋರಿಸಬೇಕು.

ಆಸ್ಪತ್ರೆಯಲ್ಲಿ ಕೂಸಿನ ರಕ್ತವನ್ನು ಪರೀಕ್ಷೆಗೆ ಕಳಿಸಿ, ಫಲ ಬರುವದಕ್ಕೆ ಮುಂಚೆಯೇ ಔಷಧವನ್ನು ಆರಂಭಿಸುವರು. ಜಂತುಗಳು ಬೆಳೆದು ಕಾಣಲು ಒಂದೆರಡು ದಿನ ಹಿಡಿಯುವದರಿಂದ ಅಷ್ಟು ಕಾಯುವಂತಿಲ್ಲ. ಆಂಪಿಸಿಲಿನ್, ಜೆಂಟಾಮೈಸಿನ್ ಎಂಬ ಚುಚ್ಚುಮದ್ದುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಆದರೆ ದಿಲ್ಲಿಯ ಮೂರು ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವು ಅನೇಕ ಜಂತುಗಳು ಇಂಥ ಔಷಧಗಳಿಗೆ ಬಗ್ಗದಂತಾಗಿರುವದನ್ನು ತೋರಿಸಿತು. ಆದಕಾರಣ ಔಷಧದ ಅಂಗಡಿಯಿಂದ ತಾವೇ ಔಷಧ ತಂದು ಹಾಕುವದಾಗಲಿ, ಕೂಸು ಚೇತರಿಸಿಕೊಂಡಿತೆಂದು ನಡುವೆಯೇ ಬಿಡಿಸಿಕೊಂಡು ಬರುವದಾಗಲಿ ಸಲ್ಲದು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಗಳಲ್ಲಿ ಎಳೆಗೂಸಿನ ಚಿಕಿತ್ಸೆಗೆ ಹಣ ಕೊಡಬೇಕಿಲ್ಲ. 108ಕ್ಕೆ ಕರೆ ಮಾಡಿದರೆ ಗಾಡಿಯು ಬರುವದು. ದಾರಿಯಲ್ಲಿ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಂಡು ಮೇಲೆ ಕೌದಿ ಹೊದಿಸಬೇಕು. ಚೀಪುವದಾದರೆ ಮೊಲೆ ಕೊಡುತ್ತಿರಬೇಕು.

ಹೆರಿಗೆಯ ಕಾಲದಲ್ಲಿ ಒಂದು ಔಷಧ ನುಂಗಿದರೆ ತಾಯಿ ಮಕ್ಕಳಿಬ್ಬರೂ ಪಾರಾಗಬಹುದೇ ಎಂದು ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವೂ ಸೇರಿ ಏಳು ದೇಶಗಳಲ್ಲಿ ಸುಮಾರು 29,000 ಸ್ತ್ರೀಯರಲ್ಲಿ ಪರೀಕ್ಷಿಸಲಾಯಿತು. 2023ರಲ್ಲಿ ಪ್ರಕಟವಾದ ಫಲವು ಹೀಗಿದೆ: ಅಜಿತ್ರೋಮೈಸಿನ್ ಔಷಧದಿಂದ ತಾಯಂದಿರ ನಂಜು ಮತ್ತು ಸಾವು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು; ಕೂಸುಗಳಿಗೆ ಅಂಥ ಲಾಭವೇನೂ ಕಾಣಲಿಲ್ಲ. ಅಂದ ಮೇಲೆ ಕೂಸಿನ ಕಾವಲಿಗೆ ಅಡ್ಡದಾರಿಯಿಲ್ಲ. ಸಾಬೂನಿನಿಂದ ಕೈ ತೊಳೆದೇ ಕೂಸನ್ನು ಮುಟ್ಟುವದು, ಹೊಕ್ಕಳಿಗೆ ಏನನ್ನೂ ಹಚ್ಚದೆ ಒಣಗಬಿಡುವದು, ಹಳದಿ ಬಣ್ಣದ ಮೊದಲ ಹಾಲನ್ನು ಚೆಲ್ಲದೆ ಕುಡಿಸುವದು, ಆರು ತಿಂಗಳು ಮೊಲೆಹಾಲಿನ ಹೊರತು ಬೇರೇನೂ ಕೊಡದಿರುವದು, ನೆಗಡಿ ಕೆಮ್ಮು ಇದ್ದವರನ್ನು ದೂರ ಇಡುವದು—ಇವೇ ಆ ಕಾವಲು.

ಹಿಂದಿನ ವಿದ್ಯಾರ್ಥಿನಿಯರಲ್ಲಿಯೂ ಪಾಲಕರಲ್ಲಿಯೂ ನಮ್ಮ ಬಿನ್ನಹವು ಒಂದೇ. ಮನೆಯಲ್ಲಿ ಬಾಣಂತಿ ಇರುವಾಗ, ಕೂಸು ಮಂಕಾದರೆ ಯಾರನ್ನೂ ಕಾಯದೆ ಹೊರಡುವ ಅಧಿಕಾರ ಯಾರಿಗೆ ಎಂಬದನ್ನು ಹೆರಿಗೆಗೆ ಮುಂಚೆಯೇ ಬೀಗರಿಬ್ಬರೂ ಕೂಡಿ ನಿಶ್ಚಯಿಸಿರಿ. ಆ ಅಧಿಕಾರವು ಹೆತ್ತವಳಿಗೇ ಇರಲಿ. "ಕೂಸು ಯಾಕೋ ಮೊದಲಿನಂಗ ಇಲ್ಲ" ಎಂದು ಆಕೆ ಅಂದರೆ, ಆ ಮಾತಿಗೆ ಸಾಕ್ಷಿ ಕೇಳದೆ ಗಾಡಿಯನ್ನು ಕರೆಯಿಸಿರಿ.