ತುರ್ಕಿ ನುಡಿಗಳಲ್ಲಿ ಕುದುರೆಯ ಮಾತು

ಲಗಾಮು, ಜೀನು, ಸವಾರ ಎಂಬ ಮಾತುಗಳು ಕನ್ನಡದಲ್ಲಿ ನೆಲೆಯೂರಿ ಬಹುಕಾಲವಾಯಿತು. ಇವು ತುರ್ಕರಿಂದ ಬಂದುವೆಂದು ಊಹಿಸುವುದು ಸಹಜ; ಆದರೆ ಇವು ಪಾರಸಿಯ ಮಾತುಗಳು. ಹಾಗಾದರೆ, ಕುದುರೆಯ ಬೆನ್ನಮೇಲೆಯೇ ಬಾಳಿದರೆಂದು ಹೆಸರಾದ ತುರ್ಕರ ಸ್ವಂತ ಮಾತುಗಳಾವುವು? ಅವು ನಮಗೆ ಏನನ್ನು ತಿಳಿಸಬಲ್ಲವು?

ತುರ್ಕಿ ನುಡಿಗಳ ಅತಿ ಪ್ರಾಚೀನವಾದ ದೀರ್ಘ ಬರಹಗಳು ಮಂಗೋಲಿಯಾದ ಆರ್ಖೋನ್ ಕಣಿವೆಯ ಶಿಲಾಶಾಸನಗಳಲ್ಲಿವೆ. ಇವುಗಳ ಲಿಪಿಯನ್ನು ಡೆನ್ಮಾರ್ಕಿನ ವಿದ್ವಾಂಸರಾದ ವಿಲ್ಹೆಲ್ಮ್ ಥಾಮ್ಸೆನ್ನರು 1893ರಲ್ಲಿ ಬಿಡಿಸಿದರು. ಕ್ರಿ.ಶ. 732ರ ಶಾಸನವೊಂದು ಕುಲ್ ತೆಗಿನ್ ಎಂಬ ರಾಜಪುತ್ರನ ಸ್ಮಾರಕ. ಆತನು ಯಾವ ಕಾಳಗದಲ್ಲಿ ಯಾವ ಬಣ್ಣದ ಕುದುರೆಯನ್ನೇರಿದನು, ಅವುಗಳಲ್ಲಿ ಯಾವುದು ಮಡಿಯಿತು ಎಂಬುದನ್ನು ಸಹ ಅಲ್ಲಿ ಕೊರೆದಿದ್ದಾರೆ. ವೀರನೊಡನೆ ಅವನ ಕುದುರೆಯೂ ಚರಿತ್ರೆಗೆ ಸೇರಿತು.

ಏರುವುದಕ್ಕೆ ಆ ಶಾಸನದಲ್ಲಿರುವ ಧಾತು 'ಬಿನ್'. ಇಂದಿನ ತುರ್ಕಿ ದೇಶದವರು ರೈಲನ್ನು ಹತ್ತುವಾಗಲೂ ಇದನ್ನೇ ಬಳಸುತ್ತಾರೆ. ಗಂಡುಕುದುರೆಗೆ ಹಳೆಯ ಮಾತು 'ಅದ್ಗಿರ್', ಜೀನಿಗೆ 'ಎದೆರ್'. ಇಂದಿನ ತುರ್ಕಿಯಲ್ಲಿ ಇವು 'ಅಯ್ಗಿರ್', 'ಎಯೆರ್' ಎಂದಾಗಿವೆ. ಕಾಲು ಎಂಬರ್ಥದ 'ಅದಕ್' ಎಂಬುದು 'ಅಯಕ್' ಆದುದೂ ಹೀಗೆಯೇ. ಕಾಲಿನ ಹೆಸರು ಹೇಗೆ ಮಾರ್ಪಟ್ಟಿತೋ ಜೀನಿನ ಹೆಸರೂ ಹಾಗೆಯೇ ಮಾರ್ಪಟ್ಟುದರಿಂದ, ಇದು ನಿನ್ನೆ ಮೊನ್ನೆ ಬಂದ ಎರವಲಲ್ಲವೆಂದು ತಿಳಿಯುತ್ತದೆ.

ಆದರೆ ಇಷ್ಟರಿಂದಲೇ, ಕುದುರೆ ಸವಾರಿಯನ್ನು ತುರ್ಕರೇ ಮೊದಲು ಕಂಡುಕೊಂಡರೆಂದು ತೀರ್ಮಾನಿಸಲಾಗದು. ಆರ್ಖೋನ್ ಶಾಸನಗಳಿಗೆ ಸಾವಿರ ವರ್ಷಕ್ಕೂ ಹಿಂದೆಯೇ, ಇರಾನೀ ನುಡಿಯನ್ನಾಡುತ್ತಿದ್ದ ಶಕರು ಅದೇ ಹುಲ್ಲುಗಾವಲುಗಳಲ್ಲಿ ಕುದುರೆಯೇರಿ ಕಾದುತ್ತಿದ್ದರು. ಒಂದು ವಿದ್ಯೆಯು ಎಲ್ಲಿ ಹುಟ್ಟಿತೆಂಬುದಕ್ಕೆ ಶಬ್ದವೊಂದೇ ಸಾಕ್ಷಿಯಾಗಲಾರದು. ಆ ವಿದ್ಯೆ ಜನರ ಬಾಳಿನಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂಬುದನ್ನು ಮಾತ್ರ ಅದು ಚೆನ್ನಾಗಿ ಹೇಳಬಲ್ಲದು.

ಇದಕ್ಕೆ ಉತ್ತಮ ನಿದರ್ಶನ 'ಅತ್', ಅಂದರೆ ಕುದುರೆ, ಎಂಬ ಪುಟ್ಟ ಮಾತು. ಇದಕ್ಕೆ ಪ್ರತ್ಯಯ ಸೇರಿ 'ಅತ್ಲಿ' ಎಂದಾದರೆ ಕುದುರೆಯುಳ್ಳವನು, ಎಂದರೆ ಸವಾರ. ಕ್ರಿಯಾಪ್ರತ್ಯಯ ಸೇರಿದ 'ಅತ್ಲನ್' ಎಂಬುದಕ್ಕೆ ಕುದುರೆಯನ್ನೇರು ಎಂದರ್ಥ. ಕಷ್‌ಗರದ ಮಹಮೂದನು 11ನೆಯ ಶತಮಾನದಲ್ಲಿ ರಚಿಸಿದ ತುರ್ಕಿ ಕೋಶದಲ್ಲಿ ಈ ರೂಪವಿದೆ. ಕಜಕ್ ನುಡಿಯಲ್ಲಿ ಇದು 'ಅತ್ತನ್' ಎಂದಾಗಿ, ಕುದುರೆಯೇರು ಎಂಬ ಅರ್ಥದಿಂದ ಪಯಣ ಹೊರಡು ಎಂಬ ಅರ್ಥಕ್ಕೆ ಹಬ್ಬಿದೆ. ವಿಮಾನದಲ್ಲಿ ಪರದೇಶಕ್ಕೆ ತೆರಳುವವನ ವಿಷಯದಲ್ಲಿಯೂ ಕಜಕರು ಈ ಮಾತನ್ನೇ ಆಡುತ್ತಾರೆ. ಕುದುರೆ ಲಾಯದಿಂದ ಮರೆಯಾದರೂ ನುಡಿಯಿಂದ ಇಳಿದುಹೋಗಿಲ್ಲ.