ರಾಗಿ ಉಣ್ಣುವ ನಮಗೂ ಗೋಧಿ ಒಗ್ಗದಿರಬಹುದೇ?



"ಸ್ವಾಮಿ, ಮಗು ಚೆನ್ನಾಗಿಯೇ ಉಣ್ಣುತ್ತದೆ, ಆದರೆ ಮೈ ಹತ್ತುವುದಿಲ್ಲ" ಎಂದು ಹೇಳಿಕೊಳ್ಳುವ ತಾಯಂದಿರನ್ನು ನಾವು ಆಗಾಗ ಕಾಣುತ್ತೇವೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ನಮ್ಮ ಕಡೆ ಅಷ್ಟಾಗಿ ತಿಳಿಯದ ಒಂದನ್ನು ಈ ಸಲ ವಿವರಿಸುತ್ತೇವೆ.

ಗ್ಲುಟೆನ್ ಎಂದರೇನು?

ಪರೋಟದ ಹಿಟ್ಟು ಎಳೆದರೂ ಹರಿಯದೆ ಹಿಗ್ಗುತ್ತದೆ. ಆ ಜಿಗುಟು ಕೊಡುವ ಪ್ರೋಟೀನೇ ಗ್ಲುಟೆನ್. ಗೋಧಿ ಮತ್ತು ಬಾರ್ಲಿಯಲ್ಲಿ ಅದಿದೆ. ಆದ್ದರಿಂದ ಮೈದಾ, ರವೆ, ಬ್ರೆಡ್ಡು, ಬಿಸ್ಕತ್ತುಗಳಲ್ಲೂ ಇದೆ. ಕೆಲವರ ದೇಹ ಗ್ಲುಟೆನ್ ಕಂಡೊಡನೆ ತನ್ನ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಇದೇ ಸೀಲಿಯಾಕ್ ಕಾಯಿಲೆ. ಸಣ್ಣ ಕರುಳಿನ ಒಳಗೆ ಬೇರಿನ ರೋಮಗಳಂಥ ಎಳೆಗಳಿವೆ. ಆಹಾರದ ಸಾರ ಹೀರುವುದು ಅವುಗಳ ಕೆಲಸ. ಅವು ಸವೆದುಹೋದರೆ, ಬೇರು ಕೆಟ್ಟ ಪೈರಿಗೆ ಗೊಬ್ಬರ ಸುರಿದಂತೆ, ತಿಂದದ್ದು ದಕ್ಕುವುದಿಲ್ಲ.

1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸಿನಲ್ಲಿ ಬರಗಾಲ ಬಿದ್ದು ಬ್ರೆಡ್ಡು ಸಿಗದಂತಾಯಿತು. ಆಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಬಂದೊಡನೆ ಮತ್ತೆ ಸೊರಗಿದರು. ಗೋಧಿಯ ಮೇಲೆ ಮೊದಲೇ ಅನುಮಾನವಿದ್ದ ಮಕ್ಕಳ ವೈದ್ಯ ಡಿಕ್ಕೆ ಅವರಿಗೆ ಇದರಿಂದ ಖಾತ್ರಿಯಾಯಿತು.

ನಮ್ಮ ಕಡೆ ಇದೆಯೇ?

ಇದೆ, ಆದರೆ ಬಹಳ ಅಪರೂಪ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ ಭಾರತ, ಈಶಾನ್ಯ ಭಾರತ ಮತ್ತು ನಮ್ಮ ವೆಲ್ಲೂರಿನ ಕಡೆಯ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದರು. ಉತ್ತರದಲ್ಲಿ ಸಾವಿರಕ್ಕೆ ಎಂಟೊಂಬತ್ತು ಮಂದಿಗೆ ಕಾಯಿಲೆಯಿತ್ತು. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಬ್ಬರಿಗೆ. ಕಾಯಿಲೆಗೆ ಎಡೆಮಾಡುವ ವಂಶಗುಣ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿತ್ತು. ದೊಡ್ಡ ವ್ಯತ್ಯಾಸ ಕಂಡದ್ದು ಊಟದಲ್ಲಿ: ಅಲ್ಲಿಯವರು ದಿನಕ್ಕೆ ಸುಮಾರು 455 ಗ್ರಾಂ ಗೋಧಿ ತಿನ್ನುತ್ತಿದ್ದರೆ, ಇಲ್ಲಿಯವರು 25 ಗ್ರಾಂ. ಸೇಲಂ, ಧರ್ಮಪುರಿಯ ಮನೆಗಳಿಗೂ ಪರೋಟ, ಬಿಸ್ಕತ್ತು ಬಂದಿರುವ ಈ ದಿನಗಳಲ್ಲಿ ಇದನ್ನು ಮರೆಯಬಾರದು.

ಗುರುತುಗಳು

ತಿಂಗಳುಗಟ್ಟಲೆ ನಿಲ್ಲದ ಭೇದಿ, ಹೊಟ್ಟೆಯುಬ್ಬರ, ಮಗು ಬೆಳೆಯದಿರುವುದು, ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ, ಪದೇ ಪದೇ ಬಾಯಿಹುಣ್ಣು, ಮೂಳೆ ಸವೆತ. ಆದರೆ ಜಂತುಹುಳು, ಆಮಶಂಕೆ, ಕರುಳಿನ ಕ್ಷಯ, ಹಾಲು ಒಗ್ಗದಿರುವುದು ಕೂಡ ಇಂಥದೇ ತೊಂದರೆ ಕೊಡಬಲ್ಲವು. ಆದ್ದರಿಂದ ನೀವೇ ತೀರ್ಮಾನಿಸಬೇಡಿ.

ಪರೀಕ್ಷೆ

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ, ಮಲ ಪರೀಕ್ಷೆ ಮಾಡಿಸಿ. ಅನುಮಾನ ಉಳಿದರೆ ಸೇಲಂ ಅಥವಾ ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ವೈದ್ಯರನ್ನು ಕಂಡು, 'ಟಿಟಿಜಿ ಐಜಿಎ' ಎಂಬ ರಕ್ತಪರೀಕ್ಷೆಯ ಬಗ್ಗೆ ಕೇಳಿ. ಅಗತ್ಯವಿದ್ದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಸೀಲಿಯಾಕ್ ಇಲ್ಲದೆಯೂ ಕೆಲವರಿಗೆ ಗೋಧಿ ಒಗ್ಗುವುದಿಲ್ಲ. ಅದನ್ನು ತೋರಿಸುವ ರಕ್ತಪರೀಕ್ಷೆಯಿಲ್ಲ, ಉಳಿದವನ್ನು ತಳ್ಳಿಹಾಕಿದ ಮೇಲೆಯೇ ವೈದ್ಯರು ಹೇಳಬಲ್ಲರು.

ಒಂದು ಮಾತು ಚೆನ್ನಾಗಿ ನೆನಪಿಡಿ: ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ. ಬಿಟ್ಟರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು. ರಾಗಿ, ಅಕ್ಕಿಯನ್ನೇ ಹೆಚ್ಚು ಉಣ್ಣುವವರು ಎಷ್ಟು ಗೋಧಿ ತಿನ್ನುತ್ತೀರಿ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಕಾಯಿಲೆ ಖಚಿತವಾದರೆ ಒಡಹುಟ್ಟಿದವರಿಗೂ ಹೆತ್ತವರಿಗೂ ಮಕ್ಕಳಿಗೂ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಊಟ ಮತ್ತು ಪರಮಪ್ರಸಾದ

ಇದಕ್ಕೆ ಔಷಧ ಒಂದೇ: ಬಾಳಿನುದ್ದಕ್ಕೂ ಗ್ಲುಟೆನ್ ಬಿಡುವುದು. ನಮ್ಮ ಹೊಲಗಳು ಈ ಪಥ್ಯವನ್ನು ಸುಲಭ ಮಾಡಿವೆ. ರಾಗಿ, ಸಾಮೆ, ಜೋಳ, ಅಕ್ಕಿ, ಮರಗೆಣಸು ಮತ್ತು ಅದರಿಂದಾಗುವ ಸಬ್ಬಕ್ಕಿ, ಯಾವುದರಲ್ಲೂ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ ಬೀಸಿದರೆ ಗೋಧಿ ಹಿಟ್ಟು ಬೆರೆಯುತ್ತದೆ. ಅಂಗಡಿಯ ಇಂಗಿನಲ್ಲೂ ಮೈದಾ ಇರಬಹುದು.

ಬಲಿಪೂಜೆಯ ರೊಟ್ಟಿ ಗೋಧಿಯದೇ ಆಗಿರಬೇಕು. ಆದರೂ ಯಾರೂ ಪರಮಪ್ರಸಾದದಿಂದ ದೂರ ಉಳಿಯಬೇಕಾಗಿಲ್ಲ. ಗ್ಲುಟೆನ್ ಅತಿ ಕಡಿಮೆಯಿರುವ ರೊಟ್ಟಿಯನ್ನು ಬಳಸಬಹುದೆಂದೂ, ಅದೂ ಒಗ್ಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದೆಂದೂ ರೋಮ್ 2003ರಲ್ಲಿ ತಿಳಿಸಿದೆ. ಅಂಥವರಿದ್ದರೆ ಸಂಕೋಚಪಡದೆ ಮುಂಚಿತವಾಗಿ ನಮಗೆ ತಿಳಿಸಿ. ರೊಟ್ಟಿಯ ಚೂರು ಬೀಳದ ಬೇರೆ ಪಾನಪಾತ್ರೆಯನ್ನು ಸಿದ್ಧಮಾಡುತ್ತೇವೆ.